ಫ್ಯಾಟಿ ಲಿವರ್‌ಗೆ ಗಿಡಮೂಲಿಕೆ: ತೆಗೆದುಕೊಂಡವರು ಅನುಭವ ಹೇಳಿ

ತುಮಕೂರಿನವ:
ವಯಸ್ಸು 41, ಕುಡಿಯುವ ಅಭ್ಯಾಸವಿಲ್ಲ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2, ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) 78. ತೂಕ ಇಳಿಸಿ ಎಂದಷ್ಟೇ ಹೇಳಿ ಡಾಕ್ಟರು ಕಳುಹಿಸಿದರು. ಅಮ್ಮ ಊರಿನಿಂದ ನೆಲನೆಲ್ಲಿ ರಸ ಕಳುಹಿಸುತ್ತಿದ್ದಾರೆ. ಸಹೋದ್ಯೋಗಿಯೊಬ್ಬರು ಮಿಲ್ಕ್ ಥಿಸಲ್ ಗಿಡದ ಸಾರವಾದ ಸಿಲಿಮರಿನ್ ಮಾತ್ರೆ ಎನ್ನುತ್ತಾರೆ. ಬಳಸಿದವರು ದಯವಿಟ್ಟು ತಿಳಿಸಿ.

ದಾವಣಗೆರೆ ಅಂಗಡಿಯವ:
ಸಿಲಿಮರಿನ್ 140 ಮಿ.ಗ್ರಾಂ., ದಿನಕ್ಕೆ ಎರಡರಂತೆ 14 ತಿಂಗಳು ನುಂಗಿದ್ದೇನೆ. ಮಾತ್ರೆಗೆ 14 ರೂಪಾಯಿ, ತಿಂಗಳಿಗೆ 840, ಒಟ್ಟು 11,760. ರಸೀದಿಗಳು ಇನ್ನೂ ಗಲ್ಲಾಪೆಟ್ಟಿಗೆಯಲ್ಲಿವೆ. ಲಿವರ್‌ನ ಕೊಬ್ಬು, ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮೊದಲ ಸಲ ಮಾಡಿಸಿದಾಗ ಕೊಬ್ಬಿನ ಅಂಕ 312, 14 ತಿಂಗಳ ನಂತರ 308. ಒಂದೊಂದು ಸ್ಕ್ಯಾನಿಗೆ 3,500 ರೂಪಾಯಿ ಬೇರೆ. ಆ ನಾಲ್ಕು ಅಂಕ ನೋಡಿ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ಅಂದೇ ಮಾತ್ರೆ ನಿಲ್ಲಿಸಿದೆ. ಅಂಗಡಿ ತೆರೆಯುವ ಮೊದಲು ಒಂದು ಗಂಟೆ ನಡಿಗೆ, ರಾತ್ರಿ ಅರ್ಧ ಮುದ್ದೆ ಮತ್ತು ಸೊಪ್ಪಿನ ಸಾರು, ಸಂಜೆಯ ಮಿರ್ಚಿ ಮಂಡಕ್ಕಿಗೆ ವಿದಾಯ. 84 ಕೆ.ಜಿ. ಇದ್ದವನು ಹನ್ನೊಂದು ತಿಂಗಳಲ್ಲಿ 75ಕ್ಕೆ ಬಂದೆ. ಅಂಕ 246. ಇದನ್ನು ಮಾತ್ರೆಯ ಲೆಕ್ಕಕ್ಕೆ ಯಾರೂ ಬರೆಯಬೇಡಿ.

ತೀರ್ಥಹಳ್ಳಿ ತೋಟದವ:
ಅಂಗಡಿ ಮಾತ್ರೆ ನಂಬಿ ಸೋತವರು ಗಿಡಮೂಲಿಕೆಯನ್ನೇ ಹಳಿಯುತ್ತೀರಿ. ಸಿಲಿಮರಿನ್ ನಮ್ಮ ನೆಲದ ಗಿಡದ್ದೇ ಅಲ್ಲ. ಮಳೆ ಬಿದ್ದರೆ ನಮ್ಮ ತೋಟದ ಬದುವಿನ ತುಂಬ ನೆಲನೆಲ್ಲಿ. ಕಡ್ಡಿಯನ್ನು ಮಗುಚಿದರೆ ಎಲೆಗಳ ಅಡಿಯಲ್ಲಿ ಸಾಸಿವೆ ಗಾತ್ರದ ಕಾಯಿಗಳು ಸಾಲಾಗಿ ಕಾಣುತ್ತವೆ. ಬೇರುಸಹಿತ ಕಿತ್ತು, ತೊಳೆದು, ಅರೆದು, ಮಜ್ಜಿಗೆಯಲ್ಲಿ ಕದಡಿ ಖಾಲಿ ಹೊಟ್ಟೆಗೆ ಕುಡಿದೆ. ಐದು ತಿಂಗಳಲ್ಲಿ ಎಸ್‌ಜಿಪಿಟಿ 96ರಿಂದ 44ಕ್ಕೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲ. ಪಥ್ಯ ಮಾತ್ರ ಕಟ್ಟುನಿಟ್ಟು: ಕರಿದದ್ದು, ಸಿಹಿ, ಸಂಜೆಯ ಎರಡು ಪೆಗ್ ಎಲ್ಲವನ್ನೂ ಬಿಟ್ಟಿದ್ದೆ.

ದಾವಣಗೆರೆ ಅಂಗಡಿಯವ:
ಪೆಗ್ ಬಿಟ್ಟ ವಿಷಯವನ್ನು ಕೊನೆಗೆ ಸೇರಿಸಿದ್ದೀರಲ್ಲ ಸ್ವಾಮಿ! ಮೊದಲು ಹೇಳಬೇಕಾದದ್ದೇ ಅದು. ಐದು ತಿಂಗಳು ಕುಡಿಯದಿದ್ದರೆ ಬರೀ ಮಜ್ಜಿಗೆಯಲ್ಲೂ ಎಸ್‌ಜಿಪಿಟಿ ಇಳಿಯುತ್ತಿತ್ತು.

ತೀರ್ಥಹಳ್ಳಿ ತೋಟದವ:
ನಮ್ಮ ಅಜ್ಜ ಊರಿಗೆಲ್ಲ ಕಾಮಾಲೆಗೆ ಇದೇ ಔಷಧಿ ಕೊಡುತ್ತಿದ್ದರು. ಅವರ ಅನುಭವವನ್ನು ನಿಮ್ಮ ರಸೀದಿಯಿಂದ ಅಳೆಯಬೇಡಿ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಮೈಸೂರು:
ಅಜ್ಜನವರ ಬಗ್ಗೆ ಗೌರವವಿದೆ. ಆದರೆ ಹೆಪಟೈಟಿಸ್ ಎ ಕಾಮಾಲೆ ಬಹುತೇಕರಿಗೆ ತಾನಾಗಿಯೇ ವಾಸಿಯಾಗುತ್ತದೆ. 1988ರಲ್ಲಿ ಮದ್ರಾಸಿನ ವೈದ್ಯರು ಹೆಪಟೈಟಿಸ್ ಬಿ ಇದ್ದವರಿಗೆ ನೆಲನೆಲ್ಲಿ ಕೊಟ್ಟು, ಹಲವರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ನಮ್ಮ ಲ್ಯಾಬಿನಲ್ಲೂ ಸಂಭ್ರಮವಿತ್ತು. ಬೇರೆ ಕಡೆ ಮಾಡಿ ನೋಡಿದವರಿಗೆ ಆ ಫಲ ಸಿಗಲಿಲ್ಲ. ಅದೂ ವೈರಸ್ಸಿನ ಮಾತು, ಇದು ಕೊಬ್ಬಿನ ಮಾತು.

ನನ್ನದು ಅಮೃತಬಳ್ಳಿಯ ಕಥೆ. ಕೊರೋನಾ ಕಾಲದಲ್ಲಿ ಮೂರು ತಿಂಗಳು ಕಷಾಯ ಕುಡಿದೆ. 31 ಇದ್ದ ಎಸ್‌ಜಿಪಿಟಿ 412 ಆಯಿತು. ಸಾವಿರಾರು ಜನರ ರಕ್ತ ಪರೀಕ್ಷಿಸಿದ ನಾನು ನನ್ನ ವರದಿಯನ್ನು ನಂಬದೆ ಎರಡು ಲ್ಯಾಬಿನಲ್ಲಿ ಮತ್ತೆ ಮಾಡಿಸಿದೆ. ಬಳ್ಳಿ ನಿಲ್ಲಿಸಿದ ಹತ್ತು ವಾರಕ್ಕೆ ಸರಿಹೋಯಿತು. ಮುಂಬೈನ ವೈದ್ಯರು 2021ರಲ್ಲಿ ಇಂಥವೇ ಪ್ರಕರಣಗಳನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದಿತು. ನಾನು ಕುಡಿದದ್ದು ನನ್ನ ಹಿತ್ತಲಿನ ಬೇವಿನ ಮರಕ್ಕೆ ಹಬ್ಬಿದ್ದ ಬಳ್ಳಿ, ಇಪ್ಪತ್ತು ವರ್ಷದಿಂದ ಬಲ್ಲೆ.

ಶಿರಸಿಯವಳು:
ನಮ್ಮ ಅತ್ತಿಗೆ ಬೆಂಗಳೂರಿನಲ್ಲಿ ಫ್ಯಾಟಿ ಲಿವರ್ ಎಂದು ಹೆದರಿ, ತೂಕ ಇಳಿಸಲು ಗಾರ್ಸಿನಿಯಾ ಕ್ಯಾಪ್ಸುಲ್ ತರಿಸಿಕೊಂಡರು. ಡಬ್ಬಿ 1,299 ರೂಪಾಯಿ. ಎರಡನೆಯ ಡಬ್ಬಿ ಮುಗಿಯುವ ಮೊದಲೇ ಕಣ್ಣು ಹಳದಿ, ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಬಿಲಿರುಬಿನ್ 11. ಒಂಬತ್ತು ದಿನ ಆಸ್ಪತ್ರೆ, 1,86,000 ರೂಪಾಯಿ. ವಿಮೆಯವರು 40,000 ಕಡಿತ ಮಾಡಿದರು. ಮಗನ ಶಾಲಾ ಶುಲ್ಕಕ್ಕೆಂದು ಇಟ್ಟಿದ್ದ ಹಣ ಅದರಲ್ಲೇ ಹೋಯಿತು. ಗಾರ್ಸಿನಿಯಾ ಎಂದರೆ ನಮ್ಮ ಉಪ್ಪಾಗೆ ಎಂದು ಆಮೇಲೆ ತಿಳಿದು ಹೊಟ್ಟೆ ಉರಿಯಿತು. ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸುತ್ತೇವೆ, ಬೀಜದಿಂದ ತುಪ್ಪ ತೆಗೆಯುತ್ತೇವೆ, ಯಾರಿಗೂ ಏನೂ ಆಗಿಲ್ಲ. ಅಡುಗೆಗೆ ಹಾಕುವ ಒಂದು ಚೂರು ಹುಳಿಗೂ ದಿನಕ್ಕೆ ಮೂರು ಬಾರಿ ನುಂಗುವ ಭಟ್ಟಿ ಇಳಿಸಿದಂಥ ಸಾರಕ್ಕೂ ಎಲ್ಲಿಯ ಸಮ?

ತೀರ್ಥಹಳ್ಳಿ ತೋಟದವ:
ಆ ಕ್ಯಾಪ್ಸುಲ್‌ಗೆ ಸಿಪ್ಪೆ ಮಾರುವವರು ನಿಮ್ಮ ಕಡೆಯವರೇ ಅಲ್ಲವೇ? ದರ ಏರಿದ ವರ್ಷ ಹಣ್ಣಾಗುವ ಮೊದಲೇ ಕೊಂಬೆ ಸಹಿತ ಕಡಿದು ಸಾಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಶಿರಸಿಯವಳು:
ಕಡಿದವರನ್ನು ಕೇಳಿ, ನನ್ನನ್ನಲ್ಲ. ನಮ್ಮ ಬೆಟ್ಟದಲ್ಲಿ ಬಿದ್ದ ಹಣ್ಣನ್ನಷ್ಟೇ ಆರಿಸುತ್ತೇವೆ, ಅದೂ ಜಿಗಣೆ ಕಚ್ಚಿಸಿಕೊಂಡು. ಆಸ್ಪತ್ರೆಯಲ್ಲಿ ಮಲಗಿದವರ ವಿಷಯ ಹೇಳಿದರೆ ಮರದ ಜಗಳ ತೆಗೆಯುತ್ತೀರಿ.

ತುಮಕೂರಿನವ:
ಎಲ್ಲರಿಗೂ ಧನ್ಯವಾದ. ಅಮ್ಮನ ಬಾಟಲಿಗೆ ಇನ್ನೂ ಕೈ ಹಾಕಿಲ್ಲ. ಸೋಮವಾರ ಅದನ್ನು ಡಾಕ್ಟರ ಮೇಜಿನ ಮೇಲಿಟ್ಟು ಕೇಳುತ್ತೇನೆ. ನನ್ನ ತೂಕ 88 ಎಂದು ಬರೆಯುವುದು ಮರೆತಿದ್ದೆ.

ದಾವಣಗೆರೆ ಅಂಗಡಿಯವ:
88! ನಾಳೆ ಬೆಳಿಗ್ಗೆಯೇ ನಡೆಯಿರಿ.