ಹಳ್ಳದ ದಂಡೆಗೆ ಬಿದಿರು: ಬೆಳೆದವರು ಏನಂತೀರಿ?

ಕೇಳಿದ್ದು: ನಮ್ಮ ಜಮೀನು ಇಳಿಜಾರು. ಮಳೆ ಬಂದರೆ ಹಳ್ಳದ ಕಡೆಯ ಮಣ್ಣು ಕೊಚ್ಚಿಹೋಗುತ್ತದೆ. ಬಿದಿರು ಹಾಕಿ, ಪರಿಸರಕ್ಕೂ ಒಳ್ಳೆಯದು ಅಂತಾರೆ. ನಿಜಾನಾ, ಸುಮ್ನೆ ಹೇಳೋದಾ?

ಒಬ್ಬರು: ನಿಜಾನೇ. ನಮ್ಮ ದಂಡೆಯಲ್ಲಿ ಬಿದಿರೇ ಇರೋದು. ಅದು ಮರವಲ್ಲ, ಹುಲ್ಲಿನ ಜಾತಿ. ಬೇರು ಆಳಕ್ಕಿಳಿಯದೆ ಮೇಲ್ಮಣ್ಣಲ್ಲೇ ದಟ್ಟವಾಗಿ ಹೆಣೆದುಕೊಳ್ಳುತ್ತದೆ. ಕೊಚ್ಚಿಹೋಗುವುದೂ ಆ ಮಣ್ಣೇ ಅಲ್ವಾ? ಬಿದಿರಿನ ಮೆಳೆಯ (ಗುಂಪಿನ) ಬುಡ ಕೆದಕಿ ನೋಡಿ. ಮೇಲೆ ಒಣ ಎಲೆ, ಕೆಳಗೆ ಕೊಳೆತ ಕಪ್ಪು ಪುಡಿ, ಅದರೊಳಗೇ ಸಣ್ಣ ಬೇರುಗಳು. ಹನಿ ನೇರವಾಗಿ ಮಣ್ಣಿಗೆ ಬಡಿಯುವುದಿಲ್ಲ, ನೀರು ನಿಧಾನವಾಗಿ ಇಂಗುತ್ತದೆ. ಆದರೆ ನೀರು ಬುಡ ಕೊರೆಯುವಂಥ ಕಡಿದಾದ ಅಂಚಿಗೆ ಬೇಡ. ಆಳದ ಬೇರಿಲ್ಲವಲ್ಲ, ಮೆಳೆ ಸಮೇತ ದಂಡೆ ಜಾರುತ್ತದೆ. ಸ್ವಲ್ಪ ಒಳಗೆ ನೆಡಿ.

ಇನ್ನೊಬ್ಬರು: ನನಗೆ ಇಷ್ಟವಾಗಿದ್ದು ಇದರ ಕಟಾವು. ಕಡಿದ ಮೇಲೆ ಮತ್ತೆ ನೆಡುವ, ಉಳುವ ಕೆಲಸವೇ ಇಲ್ಲ. ಬುಡದಿಂದ ಹೊಸ ಕಳಲೆ ಬರುತ್ತದೆ. ಒಂದೇ ಮಳೆಗಾಲದಲ್ಲಿ ಗಳ ಪೂರ್ತಿ ಎತ್ತರವಾಗುತ್ತದೆ, ಬಲಿಯುವುದಕ್ಕೆ ಮಾತ್ರ 3–4 ವರ್ಷ ಬೇಕು. ಎಳೆಯದನ್ನು ಮುಟ್ಟಬೇಡಿ, ಮುಂದಿನ ಕಳಲೆಗೆ ಶಕ್ತಿ ಕೊಡುವುದು ಅದೇ. ಗುರುತು ಹಿಡಿಯೋದು ಸುಲಭ: ಎಳೆ ಗಳದ ಮೇಲೆ ಬಿಳಿ ಪುಡಿ, ಗೆಣ್ಣಿನಲ್ಲಿ ಹಾಳೆ. ಬಲಿತದ್ದರ ಮೈ ಒರಟು, ಕಲೆ ಕಲೆ.

ಪರಿಸರಕ್ಕೆ ಒಳ್ಳೆಯದು ಅನ್ನೋರು ಬಿದಿರು ಗಾಳಿಯ ಕಾರ್ಬನ್ ಹೀರುತ್ತೆ ಅಂತಾರೆ, ಅದೂ ಸರಿ. ಆದರೆ ಒಲೆಗೆ ಹಾಕಿದರೆ ಎಲ್ಲ ವಾಪಸ್ ಗಾಳಿಗೆ. ಕಡಿಯದೆ ಬಿಟ್ಟ ಹಳೆಯ ಗಳ ಮೆಳೆಯಲ್ಲೇ ಕೊಳೆತರೂ ಅಷ್ಟೇ. ಛಾವಣಿಗೋ ಪೀಠೋಪಕರಣಕ್ಕೋ ಹೋದರೆ ಅವು ಬಾಳುವಷ್ಟು ಕಾಲ ಕಾರ್ಬನ್ ಅಲ್ಲೇ ಉಳಿಯುತ್ತದೆ.

ಮತ್ತೊಬ್ಬರು: ಜಾತಿ ಯಾವುದು ಅಂತ ಮೊದಲು ಕೇಳಿ. ಗುಂಪಾಗಿ ಬೆಳೆಯೋದನ್ನೇ ಹಾಕಿ. ನೆಲದಡಿ ಹರಿದು ಹಬ್ಬೋ ಜಾತಿ ಪಕ್ಕದ ಜಮೀನಿಗೂ ನುಗ್ಗುತ್ತದೆ, ತೆಗೆಯೋದು ಬಹಳ ಕಷ್ಟ. ಒಂದೇ ಜಾತಿಯನ್ನು ಉದ್ದಕ್ಕೂ ಹಾಕಬೇಡಿ. ಕೆಲವು ಜಾತಿಗಳು ದಶಕಗಳಿಗೊಮ್ಮೆ ಒಟ್ಟಿಗೇ ಹೂಬಿಟ್ಟು ಒಟ್ಟಿಗೇ ಒಣಗುತ್ತವೆ. ಆಮೇಲೆ ದಂಡೆ ಪೂರ್ತಿ ಬೋಳು. ಈಗಿರೋ ಮರಗಳನ್ನು ಕಡಿದು ಬಿದಿರು ಹಾಕೋದಾದರೆ ಲಾಭ ಎಲ್ಲಿಂದ ಬಂತು? ಮರಗಳ ನಡುವೆ ಖಾಲಿ ಜಾಗಕ್ಕೆ ಹಾಕಿ.

ಕೊನೆಯವರು: ಬೇಲಿ ಮರೀಬೇಡಿ. ದನ, ಆಡು ಎಳೆ ಚಿಗುರು ಬಿಡೋದಿಲ್ಲ. ಮೊದಲ ಎರಡು ವರ್ಷ ಕಳೆ ತೆಗೆದು, ಬೇಸಿಗೆಯಲ್ಲಿ ನೀರು ಕೊಡಿ.