ಹಳೆಯ ಟೇಬಲ್ ಸಾ ಯಂತ್ರಕ್ಕೆ ಅಡಿಕೆ ಸುಲಿಯುವ ಯಂತ್ರದ ಮೋಟಾರು ಆದೀತೇ?

ಶಿರಸಿಯ ಬಡಗಿ (ಪ್ರಶ್ನೆ):

ನಮ್ಮ ತಂದೆಯವರ ಕಾಲದ, ಬೀಡುಕಬ್ಬಿಣದ ಮೇಜಿನ ಟೇಬಲ್ ಸಾ ಯಂತ್ರವೊಂದು ಶೆಡ್ಡಿನಲ್ಲಿದೆ. ಮೇಜಿನ ನಡುವೆ ತಿರುಗುವ ದುಂಡು ಗರಗಸದ ಬ್ಲೇಡು 10 ಇಂಚಿನದು. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ ನಾಮಫಲಕದಲ್ಲಿ 2880 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಎಂದಿದೆ. ಮೋಟಾರಿನ ಪುಲ್ಲಿ 3 ಇಂಚು, ಬ್ಲೇಡಿನ ಶಾಫ್ಟಿನದು ಎರಡೂವರೆ ಇಂಚು. ಮಳೆ ಹಿಡಿದ ಮೇಲೆ ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಬೆಲ್ಟನ್ನು ಕೈಯಿಂದ ಎಳೆದುಕೊಟ್ಟರೆ ಹೊರಡುತ್ತದೆ, ಆದರೆ ಎರಡು ಹಲಸಿನ ಹಲಗೆ ಸೀಳುವಷ್ಟರಲ್ಲಿ ಕೈಯಿಡಲಾಗದಷ್ಟು ಕಾದು ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ. ನಾಲ್ಕು ವರ್ಷಗಳಲ್ಲಿ ಎರಡು ಸಲ ರಿವೈಂಡಿಂಗ್ (ಸುಟ್ಟ ತಂತಿಸುರುಳಿ ತೆಗೆದು ಹೊಸದು ಸುತ್ತಿಸುವುದು) ಮಾಡಿಸಿದ್ದಾಗಿದೆ. ಮೂರನೆಯ ಸಲ ದುಡ್ಡು ಸುರಿಯಲು ಮನಸ್ಸಿಲ್ಲ. ಹಳೆಯ ಅಡಿಕೆ ಸುಲಿಯುವ ಯಂತ್ರದ 1 ಎಚ್‌ಪಿ, 1440 ಆರ್‌ಪಿಎಂ ಮೋಟಾರು ಸುಮ್ಮನೆ ಬಿದ್ದಿದೆ. ಅದನ್ನೇ ಕೂರಿಸಬಹುದೇ? ಶೆಡ್ಡು ಮನೆಯಿಂದ 40 ಮೀಟರ್ ದೂರದಲ್ಲಿದ್ದು, ಒಂದೂವರೆ ಎಂಎಂ (ಚದರ ಮಿಲಿಮೀಟರ್) ತಾಮ್ರದ ವೈರಿನಲ್ಲಿ ಕರೆಂಟು ತಂದಿದ್ದೇವೆ.

ಕುಮಟಾದಿಂದ:

ಮೊದಲು ಬೆಲ್ಟನ್ನು ಕೈಯಿಂದ ಎಳೆಯುವುದನ್ನು ನಿಲ್ಲಿಸಿ. ಹಾಗೆ ಹೊರಟ ಬ್ಲೇಡು ಬೆರಳು ತೆಗೆದುಕೊಳ್ಳಲು ಕ್ಷಣವೂ ಬೇಕಿಲ್ಲ. ಕೈಯಿಂದ ತಿರುಗಿಸಿದರೆ ಮಾತ್ರ ಹೊರಡುವ ಸಿಂಗಲ್ ಫೇಸ್ ಮೋಟಾರಿನಲ್ಲಿ ಸಾಮಾನ್ಯವಾಗಿ ಹೊರಡಲು ನೂಕು ಕೊಡುವ ಸ್ಟಾರ್ಟಿಂಗ್ ಕೆಪಾಸಿಟರ್ ಸತ್ತಿರುತ್ತದೆ, ಇಲ್ಲವೇ ವೇಗ ಬಂದ ಮೇಲೆ ಸ್ಟಾರ್ಟಿಂಗ್ ವೈಂಡಿಂಗನ್ನು ಕಡಿದುಹಾಕುವ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಪಾಯಿಂಟುಗಳ ನಡುವೆ ಮರದ ಹುಡಿ ಕೂತಿರುತ್ತದೆ. ಆದರೆ ವಾರ್ನಿಷ್ ಸುಟ್ಟ ವಾಸನೆ ಬರುತ್ತಿದೆಯೆಂದರೆ ವೈಂಡಿಂಗ್‌ಗೂ ಪೆಟ್ಟಾಗಿದೆ ಎಂದೇ ಲೆಕ್ಕ.

ಅಡಿಕೆ ಯಂತ್ರದ ಮೋಟಾರು ಬೇಡ. ನಿಮ್ಮ ಈಗಿನ ಪುಲ್ಲಿಗಳಲ್ಲಿ ಬ್ಲೇಡು ನಿಮಿಷಕ್ಕೆ 3456 ಸುತ್ತು ತಿರುಗುತ್ತದೆ, ಅಂದರೆ ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 46 ಮೀಟರ್ ಓಡುತ್ತದೆ. 1440ರ ಮೋಟಾರನ್ನು ಅದೇ ಪುಲ್ಲಿಗಳಿಗೆ ಜೋಡಿಸಿದರೆ ಈ ವೇಗ ಅರ್ಧಕ್ಕಿಳಿಯುತ್ತದೆ. ಬ್ಲೇಡು ಕೊಯ್ಯುವ ಬದಲು ಮರವನ್ನು ಕಚ್ಚಿ ಎಳೆಯತೊಡಗುತ್ತದೆ. ಮೋಟಾರಿಗೆ 6 ಇಂಚಿನ ಪುಲ್ಲಿ ಹಾಕಿ ವೇಗವನ್ನು ಸರಿದೂಗಿಸಬಹುದು, ಆದರೆ ಶಕ್ತಿಯನ್ನು ಎಲ್ಲಿಂದ ತರುತ್ತೀರಿ? ದಪ್ಪ ಹಲಸಿಗೆ, ಮತ್ತಿ ಮರಕ್ಕೆ 1 ಎಚ್‌ಪಿ ಸಾಲದು.

ಕಾರವಾರದ ರಿವೈಂಡರ್:

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಎರಡು ಸಲ ರಿವೈಂಡ್ ಮಾಡಿದ ಮೋಟಾರು ಮತ್ತೆ ಸುಡುತ್ತಿದ್ದರೆ ನಾನು ಮೊದಲು ನೋಡುವುದು ಮೋಟಾರನ್ನಲ್ಲ, ವೈರನ್ನು. ಒಂದೂವರೆ ಎಂಎಂ ತಾಮ್ರದ ವೈರಿನಲ್ಲಿ 40 ಮೀಟರ್ ಹೋಗಿ ಬರುವಷ್ಟರಲ್ಲಿ ಹೆಚ್ಚುಕಡಿಮೆ 1 ಓಮ್ ರೋಧ (ಕರೆಂಟಿನ ಹರಿವಿಗೆ ತಡೆ) ಸೇರುತ್ತದೆ. 2 ಎಚ್‌ಪಿ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. ಹೊರಡುವಾಗ ಅದರ ಐದು ಪಟ್ಟು ಎಳೆದರೆ ವೈರಿನಲ್ಲಿಯೇ 50 ವೋಲ್ಟಿನಷ್ಟು ಕಳೆದುಹೋಗುತ್ತದೆ. ವೋಲ್ಟೇಜ್ ಕಡಿಮೆಯಾದಂತೆ ಮೋಟಾರಿನ ತಿರುಗಿಸುವ ಬಲ ಅದರ ವರ್ಗಕ್ಕೆ ಅನುಗುಣವಾಗಿ ಕುಗ್ಗುವುದರಿಂದ ಮೋಟಾರು ಬೇಗ ವೇಗಕ್ಕೆ ಬಾರದೆ, ಸ್ಟಾರ್ಟಿಂಗ್ ವೈಂಡಿಂಗಿನಲ್ಲಿಯೇ ಬೇಯುತ್ತದೆ. ದಯವಿಟ್ಟು ಶೆಡ್ಡಿನಲ್ಲಿ ಮೀಟರ್ ಹಿಡಿದು, ಹೊರಡುವ ಕ್ಷಣದ ವೋಲ್ಟೇಜನ್ನು ತಿಳಿಸಿ.

ಹೊಸದನ್ನು ಕೊಳ್ಳುವುದಾದರೆ 2880ರದ್ದೇ ಇರಲಿ, ಹೊರಗೆ ಫ್ಯಾನಿದ್ದು ಒಡಲು ಪೂರ್ತಿ ಮುಚ್ಚಿದ ಮಾದರಿಯೇ ಇರಲಿ. ತೆರೆದ ಮೋಟಾರಿನೊಳಗೆ ಹುಡಿಯೂ ನಮ್ಮ ಕರಾವಳಿಯ ಉಪ್ಪುಗಾಳಿಯೂ ಸೇರಿದರೆ ಎರಡು ಮಳೆಗಾಲಕ್ಕೇ ಅದರ ಕತೆ ಮುಗಿಯುತ್ತದೆ. 90ರ ಫ್ರೇಮಿನ (ಒಡಲಿನ ಗಾತ್ರದ ಸಂಖ್ಯೆ) ಮೋಟಾರಿಗೆ 24 ಎಂಎಂ ಶಾಫ್ಟು, ಪುಲ್ಲಿ ಜಾರದಂತೆ ಹಿಡಿಯುವ 8 ಎಂಎಂ ಅಗಲದ ಕೀ ಬರುತ್ತವೆ. ನಿಮ್ಮ ಹಳೆಯ ಪುಲ್ಲಿಯ ತೂತು ಇಂಚಿನ ಅಳತೆಯದಿರಬಹುದು. ಅದನ್ನು ಲೇತಿನಲ್ಲಿ ಕೊರೆಸಿರಿ, ಸಂದಿಗೆ ತಗಡು ಸುತ್ತಿ ಬಡಿಯಬೇಡಿ. ಎರಡೂ ಪುಲ್ಲಿಗಳ ಮುಖಕ್ಕೆ ದಾರ ಎಳೆದು ಒಂದೇ ಸಾಲಿನಲ್ಲಿವೆಯೇ ಎಂದು ನೋಡಿದ ಮೇಲೆಯೇ ಬೋಲ್ಟು ಬಿಗಿಮಾಡಿ. ಸಾದಾ ಸ್ವಿಚ್ಚಿನ ಬದಲು ಡಿಒಎಲ್ ಸ್ಟಾರ್ಟರ್ ಹಾಕಿಸಿ; ಕರೆಂಟು ಹೋಗಿ ಬಂದರೆ ಗುಂಡಿ ಒತ್ತುವವರೆಗೆ ಅದು ಮೋಟಾರನ್ನು ಹೊರಡಿಸುವುದಿಲ್ಲ. ಘಟ್ಟದ ಮೇಲೆ ಕರೆಂಟು ಹೋಗಿ ಬರುವುದು ನಿತ್ಯದ ಮಾತಲ್ಲವೇ? ಬ್ಲೇಡಿನ ಮೇಲೆ ಬಗ್ಗಿರುವಾಗ ಯಂತ್ರ ತಾನಾಗಿ ಹೊರಡಬಾರದು.

ಶಿರಸಿಯ ಬಡಗಿ:

ಇಂದು ಮೀಟರ್ ಹಿಡಿದು ನೋಡಿದೆ. ಸುಮ್ಮನಿರುವಾಗ 222 ವೋಲ್ಟು, ಸ್ವಿಚ್ ಹಾಕಿದ ಕ್ಷಣ 171. ಮಧ್ಯದ ಜಂಟಿನ ಟೇಪು ಬಿಚ್ಚಿದರೆ ಒಳಗಿನ ತಾಮ್ರ ಕಪ್ಪಾಗಿತ್ತು. ಎರಡು ರಿವೈಂಡಿಂಗಿನ ದುಡ್ಡಿನಲ್ಲಿ ಒಳ್ಳೆಯ ವೈರೇ ಬರುತ್ತಿತ್ತೆಂದು ಈಗ ಹೊಟ್ಟೆ ಉರಿಯುತ್ತಿದೆ! 4 ಎಂಎಂ ತಾಮ್ರದ ವೈರು ಎಳೆಸಿದರೆ ಸಾಕೇ?

ಕಾರವಾರದ ರಿವೈಂಡರ್:

ಸಾಕು, ರೋಧ ಮೂರರಲ್ಲಿ ಒಂದಂಶಕ್ಕಿಂತ ತುಸು ಹೆಚ್ಚಿನಷ್ಟಕ್ಕೆ ಇಳಿಯುತ್ತದೆ. ನಡುವೆ ಜಂಟಿಲ್ಲದಂತೆ ಒಂದೇ ಎಳೆಯಾಗಿ ಎಳೆಸಿ, ಅರ್ಥಿಂಗ್ ವೈರನ್ನೂ ಜೊತೆಗೇ ಒಯ್ಯಿರಿ. ವೈರು ಬದಲಾಗುವವರೆಗೆ ಹೊಸ ಮೋಟಾರಿಗೆ ಕರೆಂಟು ಕೊಡಬೇಡಿ.