80 ದಾಟಿದರೆ ಸ್ಟೀರಿಂಗ್ ನಡುಗುತ್ತೆ, ಅಲೈನ್‌ಮೆಂಟ್ ಮಾಡಿಸಿದರೂ ಹೋಗಿಲ್ಲ

ಪ್ರಶ್ನೆ:
ನಮಸ್ಕಾರ. ಮಳೆಯಲ್ಲಿ ಸಕಲೇಶಪುರದ ಕಡೆ ತೋಟದ ರಸ್ತೆಗಳಲ್ಲಿ ಓಡಾಡಿ ಬಂದ ಮೇಲೆ ಕಾರಿಗೆ ಹೊಸ ಕಾಯಿಲೆ. 80 ದಾಟಿದ ಕೂಡಲೇ ಸ್ಟೀರಿಂಗ್ ನಡುಗುತ್ತದೆ, 95ರ ಮೇಲೆ ಕಡಿಮೆಯಾಗುತ್ತದೆ. ಎಡಕ್ಕೂ ಎಳೆಯುತ್ತದೆ. ಅಲೈನ್‌ಮೆಂಟ್ ಆಯ್ತು, ಏನೂ ವ್ಯತ್ಯಾಸ ಇಲ್ಲ. ಈಗ ಸ್ಟೀರಿಂಗ್ ರ‍್ಯಾಕ್ (ಸ್ಟೀರಿಂಗ್ ತಿರುವನ್ನು ಚಕ್ರಗಳಿಗೆ ದಾಟಿಸುವ ಭಾಗ) ಹೋಗಿದೆ, ಬದಲಾಯಿಸಿ ಅಂತ ಗ್ಯಾರೇಜಿನವರು ಹೇಳ್ತಿದ್ದಾರೆ. ನಿಜವಾ?

ಉತ್ತರ:
ಈಗಲೇ ರ‍್ಯಾಕ್‌ಗೆ ದುಡ್ಡು ಸುರಿಯಬೇಡಿ ಸರ್. ನಡುಕ ಬೇರೆ, ಎಳೆತ ಬೇರೆ. ಬೇರೆ ಬೇರೆಯಾಗಿಯೇ ಹುಡುಕಿ.

ಒಂದು ವೇಗದಲ್ಲಿ ಬಂದು ಹೋಗುವ ನಡುಕ ಅಂದರೆ ಮೊದಲ ಅನುಮಾನ ಬ್ಯಾಲೆನ್ಸಿಂಗ್ ಮೇಲೆ, ಅಂದರೆ ಚಕ್ರದ ತೂಕ ಸುತ್ತಲೂ ಸಮ ಇದೆಯಾ ಅನ್ನೋದರ ಮೇಲೆ. ಅಲೈನ್‌ಮೆಂಟ್‌ನಿಂದ ಅದು ಹೋಗಲ್ಲ, ಅಲೈನ್‌ಮೆಂಟ್ ಚಕ್ರಗಳ ಕೋನ ಸರಿ ಮಾಡುವುದಷ್ಟೇ. ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಸಾಮಾನ್ಯವಾಗಿ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಅಂದರೆ ಡಿಸ್ಕ್ ನೋಡಿಸಿ.

ತೋಟದ ರಸ್ತೆ ಅಂದಿರಲ್ಲ, ಮುಂದಿನ ಚಕ್ರ ಬಿಚ್ಚಿ ರಿಮ್‌ನ ಒಳಮೈ ನೋಡಿ. ಕೆಂಪು ಮಣ್ಣು ಒಂದೇ ಕಡೆ ಮೆತ್ತಿಕೊಂಡು, ಒಣಗಿ ಕಲ್ಲಾಗಿರುತ್ತದೆ. ಹೊರಗಿನಿಂದ ನೀರು ಹೊಡೆದರೆ ಅದು ಬಿಡಲ್ಲ, ಕೆರೆದೇ ತೆಗೆಯಬೇಕು. ಅಂಚಿನ ವೇಟ್ (ತೂಕ ಸಮ ಮಾಡಲು ಹಾಕುವ ಚಿಕ್ಕ ಲೋಹದ ತುಂಡು) ಬಿದ್ದುಹೋದ ಗುರುತು ಇದೆಯಾ ಅಂತಲೂ ನೋಡಿ. ಬ್ಯಾಲೆನ್ಸಿಂಗ್ ಮಾಡಿಸುವಾಗ ಮಷಿನ್ ಪಕ್ಕದಲ್ಲೇ ನಿಂತಿರಿ. ತಿರುಗುವ ರಿಮ್‌ನ ಅಂಚು ಓಲಾಡಿದರೆ ರಿಮ್ ಬೆಂಡ್ ಆಗಿದೆ, ಎಷ್ಟು ವೇಟ್ ಹೊಡೆದರೂ ಸುಮ್ನೆ.

ಎಳೆತಕ್ಕೆ ಮೊದಲು ಗಾಳಿ ನೋಡಿ, ಟೈರ್ ತಣ್ಣಗಿರುವಾಗ. ಮಳೆನೀರು ಹರಿಯಲಿ ಅಂತ ನಮ್ಮ ರಸ್ತೆಗಳು ಹೆಚ್ಚಾಗಿ ಎಡಕ್ಕೆ ಇಳಿಜಾರಾಗಿರುತ್ತವೆ, ಹಾಗಾಗಿ ಸ್ವಲ್ಪ ಎಡಕ್ಕೆ ಹೋದರೆ ಚಿಂತೆ ಬೇಡ. ಜಾಸ್ತಿ ಎಳೆದರೆ ಮುಂದಿನ ಎರಡು ಚಕ್ರ ಅದಲು ಬದಲು ಮಾಡಿ. ಎಳೆತ ಬಲಕ್ಕೆ ತಿರುಗಿತಾ? ತಪ್ಪು ಟೈರಿನದ್ದು. ಟೈರ್ ಮೇಲೆ ಬಾಣದ ಗುರುತು ಇದ್ದರೆ ಮಾತ್ರ ಹೀಗೆ ಮಾಡಬೇಡಿ.

ಪ್ರಶ್ನೆ ಕೇಳಿದವರು:
ಬಲಗಡೆ ರಿಮ್‌ನಲ್ಲಿ ಹಿಡಿ ತುಂಬ ಮಣ್ಣು! ತೆಗೆದು ಬ್ಯಾಲೆನ್ಸಿಂಗ್ ಮಾಡಿಸಿದೆ, ನಡುಕ ಪೂರ್ತಿ ಹೋಯ್ತು. ಚಕ್ರ ಅದಲು ಬದಲು ಮಾಡಿದರೂ ಎಳೆತ ಎಡಕ್ಕೇ ಇದೆ. ಸ್ವಲ್ಪ ದೂರ ಓಡಿಸಿ ಇಳಿದರೆ ಎಡ ಮುಂಚಕ್ರದ ಹತ್ತಿರ ಸುಟ್ಟ ವಾಸನೆ.

ಉತ್ತರ:
ವಾಸನೆ ಮೊದಲೇ ಹೇಳಬೇಕಿತ್ತು ಸರ್! ಆ ಕಡೆ ಬ್ರೇಕ್ ಹಿಡಿದುಕೊಂಡಿರಬೇಕು. ಕಾರು ತಣ್ಣಗಾದ ಮೇಲೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ಗೆ ಹಾಕಿ, ಎಡ ಮುಂಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿ. ಬಲಗಡೆಯದಕ್ಕಿಂತ ಬಿಗಿ ಇದ್ದರೆ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ಒತ್ತುವ ಬ್ರೇಕ್ ಭಾಗ) ಬಿಚ್ಚಿಸಿ. ಬಹಳ ಸಲ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ತುಕ್ಕು ಹಿಡಿದಿರುತ್ತದೆ, ಸ್ವಚ್ಛ ಮಾಡಿ ಬ್ರೇಕ್ ಗ್ರೀಸ್ ಹಚ್ಚಿದರೆ ಸಾಕು. ಬ್ರೇಕ್ ಪ್ಯಾಡ್ ಒತ್ತುವ ಪಿಸ್ಟನ್ನೇ ಜಾಮ್ ಆಗಿದ್ದರೆ ಖರ್ಚು ಜಾಸ್ತಿ. ಅಲ್ಲಿವರೆಗೆ ಘಾಟಿ ಇಳಿಯಬೇಡಿ.

ಚಕ್ರ ಎತ್ತಿರುವಾಗಲೇ ಎಡ-ಬಲ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಟೈ ರಾಡ್ ಎಂಡ್ (ರ‍್ಯಾಕನ್ನು ಚಕ್ರಕ್ಕೆ ಸೇರಿಸುವ ಕೀಲು) ಅಥವಾ ರ‍್ಯಾಕ್. ಮೇಲೆ-ಕೆಳಗೆ ಹಿಡಿದಾಗ ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಸೇರಿಸುವ ಕೀಲು). ಎರಡೂ ಗಟ್ಟಿ ಇದ್ದರೆ, ರ‍್ಯಾಕ್ ಬದಲಾಯಿಸಿ ಅಂದವರಿಗೆ ಯಾಕೆ ಅಂತ ಕೇಳಿ.